ಬಾಗಿಲ ಆಚೆ, ಬಾಗಿಲ ಈಚೆ

ಮದ್ದೂರು ಸ್ಟೇಷನ್ನಿನಲ್ಲಿ ಬೆಂಗಳೂರು ಕಡೆಯ ಬೆಳಗಿನ ರೈಲು ಬಂದು ನಿಂತಾಗ ತತ್ತ್ವಶಾಸ್ತ್ರದ ಒಂದು ಪಾಠ ದಿನವೂ ಪುಕ್ಕಟೆಯಾಗಿ ನಡೆಯುತ್ತದೆ. ಕೆಳಗೆ ನಿಂತವನು, "ಸ್ವಾಮಿ, ನಾವೂ ಮನುಷ್ಯರೇ, ಸ್ವಲ್ಪ ಒಳಕ್ಕೆ ಸರಿಯಿರಿ" ಎಂದು ಕೂಗುತ್ತಾನೆ. ಸಮಾನತೆಯನ್ನು ಕುರಿತು ಇದಕ್ಕಿಂತ ಚೊಕ್ಕವಾದ ಭಾಷಣವನ್ನು ನಾವು ಯಾವ ವೇದಿಕೆಯಲ್ಲೂ ಕೇಳಿಲ್ಲ. ಹೇಗೋ ನುಸುಳಿ ಒಳಸೇರಿದ ಅದೇ ಮಹಾಶಯ, ಚನ್ನಪಟ್ಟಣ ಬರುವಷ್ಟರಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು, "ಜಾಗವಿಲ್ಲ, ಹಿಂದಿನ ಡಬ್ಬಿ ನೋಡಿ" ಎನ್ನುತ್ತಾನೆ! ಇಷ್ಟರಲ್ಲಿ ಅವನೇನು ಕೆಟ್ಟವನಾಗಿಬಿಟ್ಟನೆ? ಇಲ್ಲ. ಅವನು ನಿಂತ ಜಾಗ ಬದಲಾಯಿತು, ಅಷ್ಟೆ.

ನಾವು ಹಿಂದೆ ಮೇಷ್ಟರಾಗಿದ್ದಾಗ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಗಲಾಟೆ ಮಾಡುತ್ತಿದ್ದ ಹುಡುಗನನ್ನೇ ಮಾನಿಟರ್ ಮಾಡಿದೆವು. ಮರುದಿನ ಅವನು ಹಲಗೆಯ ಮೇಲೆ ಬರೆದ ಮೊದಲ ಮೂರು ಹೆಸರುಗಳು ಅವನ ಹಿಂದಿನ ದಿನದ ಸಂಗಾತಿಗಳವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದ ನಮ್ಮ ಹಿರಿಯರು ಸುಮ್ಮನೆ ಗಾದೆ ಕಟ್ಟಲಿಲ್ಲ. ಸೊಸೆಯ ಕಣ್ಣೀರು ಒಣಗುವುದೇ ತಡ, ಅವಳ ಕೈಗೆ ಅತ್ತೆಯ ಬೀಗದ ಕೈ ಬರುತ್ತದೆ.

ಊರುಗಳ ನಡುವೆಯೂ ಬಾಗಿಲುಗಳಿವೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ತು ಹುಟ್ಟಿತು. ಹುಟ್ಟಿದ ಕೂಸು ತೊಟ್ಟಿಲಲ್ಲಿ ನಿಲ್ಲದೆ ನೂರು ಮೈಲಿಗೆ ಹತ್ತಿರದ ತಂತಿಯ ಮೇಲೆ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಜಲಪಾತದ ಸದ್ದು ಕೇಳುತ್ತ ಮಲಗುತ್ತಿದ್ದ ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ ಬುಡ್ಡಿ ದೀಪವೇ ಉಳಿಯಿತು. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಅಂದು ನಾವು ಬಾಗಿಲ ಹೊರಗಿದ್ದೆವು, ಆದ್ದರಿಂದ ಈ ಅನ್ಯಾಯ ನಮಗೆ ಚೆನ್ನಾಗಿ ಅರ್ಥವಾಗುತ್ತದೆ.

ನಾವು ಒಳಗಿರುವ ಡಬ್ಬಿಯ ಮಾತು ಬಂದಾಗ? ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗ ದಾಟಿ ಈ ಜಿಲ್ಲೆಗೆ ಅನ್ನ ಕೊಟ್ಟಿದೆ. 2016ರಲ್ಲಿ, ಮತ್ತೆ 2023ರಲ್ಲಿ, ಕಾವೇರಿ ನೀರು ಕೆಳಕ್ಕೆ ಹೋಗಬಾರದೆಂದು ನಾವೆಲ್ಲ ಹೆದ್ದಾರಿಯಲ್ಲಿ ಕುಳಿತೆವು. ಅಂದು ಪಕ್ಕದಲ್ಲೇ ಕುಳಿತು ಘೋಷಣೆ ಕೂಗಿದ ಮಳವಳ್ಳಿಯ ಕೊನೆಯಂಚಿನ ರೈತ ಊರಿಗೆ ಹಿಂದಿರುಗಿ ನೋಡಿದರೆ, ಅವನ ಕಾಲುವೆಯಲ್ಲಿ ಹುಲ್ಲು ಬೆಳೆದಿರುತ್ತದೆ. ಮೇಲಿನ ತೂಬಿನವನು ತನ್ನ ಸರದಿ ಮುಗಿದ ಮೇಲೂ ಕಲ್ಲು ಅಡ್ಡ ಇಟ್ಟಿರುತ್ತಾನೆ. ಆ ಕಲ್ಲು ಇಟ್ಟವನು ತಮಿಳುನಾಡಿನವನಲ್ಲ. ನಮ್ಮ ನೆಂಟನೇ, ಕೆಲವೊಮ್ಮೆ ನಾವೇ.

ಗಿರಣಿಯಲ್ಲಿಯೂ ಇದೇ ಕಥೆ. ಕಾಯಂ ಆಗುವವರೆಗೆ "ದುಡಿಯುವವರೆಲ್ಲ ಒಂದು" ಎನ್ನುತ್ತೇವೆ. ಕಾಯಂ ಆದ ಮೇಲೆ ಗುತ್ತಿಗೆಯವನನ್ನು "ಹೊರಗಿನವನು" ಎನ್ನುತ್ತೇವೆ. ಪೇಟೆಯ ಮಿತ್ರರು ನಗಬಾರದು. ಕೊಳ್ಳುವಾಗ ಬೆಲ್ಲದ ತಟ್ಟೆ ತಗ್ಗಬೇಕು, ಮಾರುವಾಗ ಬೊಟ್ಟಿನ ತಟ್ಟೆ ತಗ್ಗಬೇಕು ಎಂಬ ಆಸೆ ತಕ್ಕಡಿಯದಲ್ಲ, ಕೈಯದು. ನಮ್ಮನ್ನೂ ಬಿಡಬೇಕಾಗಿಲ್ಲ. ನಮ್ಮ ಪಕ್ಷದ ಕಚೇರಿಯಲ್ಲಿ ಒಳ್ಳೆಯ ಕುರ್ಚಿ ಇರುವುದು ಒಂದೇ. ಅದರಲ್ಲಿ ಕುಳಿತು ಈ ಲೇಖನ ಬರೆಯುತ್ತಿದ್ದೇವೆ. ಬಂದವರು ಬೆಂಚಿನ ಮೇಲಿದ್ದಾರೆ.

ಹಾಗಾದರೆ ಮನುಷ್ಯ ಸ್ವಭಾವವೇ ಇಷ್ಟು ಎಂದು ಕೈಕಟ್ಟಿ ಕೂಡಬೇಕೆ? ಈ ಮಾತನ್ನು ಯಾವಾಗಲೂ ಒಳಗೆ ಕುಳಿತವರೇ ಹೇಳುವುದನ್ನು ಓದುಗರು ಗಮನಿಸಿರಬಹುದು. ಇದೇ ಸ್ವಭಾವದ ಜನ 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸೇರಿ, ನಿಷೇಧವನ್ನು ಮೀರಿ ಬಾವುಟ ಹಾರಿಸಿದರು. ಅವರೇನು ದೇವತೆಗಳಾಗಿರಲಿಲ್ಲ. ಆದರೂ ಒಬ್ಬರಿಗೊಬ್ಬರು ಜಾಗ ಬಿಟ್ಟು ನಿಂತರು.

ಎಲ್ಲರೂ ಸಂತರಾಗಲಿ ಎಂದು ನಾವು ಕೇಳುತ್ತಿಲ್ಲ. ಸಂತರಿಗೆ ಸಂಸಾರ ನಡೆಸಿ ಗೊತ್ತಿಲ್ಲ. ಕಟ್ಟು ನೀರು ಬಿಡುವಾಗ ಮೊದಲ ಸರದಿ ನಾಲೆಯ ಕೊನೆಗೆ ಹೋಗಲಿ. ಕಾರ್ಮಿಕ ಸಂಘದ ಬೇಡಿಕೆ ಪಟ್ಟಿಯಲ್ಲಿ ಗುತ್ತಿಗೆಯವನ ಕೂಲಿ ಮೊದಲನೆಯ ಸಾಲಿಗೆ ಬರಲಿ. ಇದು ದಾನವಲ್ಲ, ಲೆಕ್ಕ. ಕೊನೆಯ ಗದ್ದೆ ಒಣಗಿದರೆ ಗಿರಣಿಗೆ ಅಷ್ಟು ಕಬ್ಬು ಕಡಿಮೆ. ಗಿರಣಿಗೆ ಕಬ್ಬಿಲ್ಲದಿದ್ದರೆ ಕೂಲಿ ಇಲ್ಲ. ಕೂಲಿ ಇಲ್ಲದ ವಾರ ಅಂಗಡಿಯಲ್ಲಿ ಸಾಲದ ಪುಸ್ತಕ ದಪ್ಪವಾಗುತ್ತದೆ. 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಗಾಣ ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ತಿರುಗಿತು. ಗಾಣ ನಿಂತಾಗ ಪೇಟೆಯ ಮುಖ ಹೇಗಿರುತ್ತದೆಂಬುದನ್ನು ಮಂಡ್ಯಕ್ಕೆ ನಾವು ಹೇಳಿಕೊಡಬೇಕಾಗಿಲ್ಲ.

ಮುಂದಿನ ಸ್ಟೇಷನ್ನು ಬರುತ್ತಿದೆ. ಬಾಗಿಲಲ್ಲಿ ನಿಂತವರು ದಯವಿಟ್ಟು ಸ್ವಲ್ಪ ಒಳಕ್ಕೆ ಸರಿಯಬೇಕು. ನಾವೂ ಕುರ್ಚಿಯಿಂದ ಏಳುತ್ತೇವೆ.