ಮಂಗನ ಕಾಯಿಲೆಗೆ ಕರಪತ್ರ ಸಾಲದು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ಬಗ್ಗೆ ಮಲೆನಾಡಿಗರಿಗೆ ಹೊಸದಾಗಿ ಹೇಳುವುದೇನಿದೆ ಎಂಬ ವಾದವುಂಟು. ರೋಗದ ಹೆಸರು ಅಲ್ಲಿ ಎಲ್ಲರಿಗೂ ಗೊತ್ತು, ನಿಜ. ಆದರೆ ಕೊಟ್ಟಿಗೆಗೆ ಹಾಸಲು ದರಗು (ಒಣಗಿದ ಎಲೆ) ಬೇಕಾದವರು ಒಣ ತಿಂಗಳುಗಳಲ್ಲಿ ಕಾಡಿಗೆ ಹೋಗಲೇಬೇಕು. ರೋಗ ಹರಡುವ ಮರಿ ಉಣುಗುಗಳ ಕಾಟ ಹೆಚ್ಚುವುದೂ ಅದೇ ತಿಂಗಳುಗಳಲ್ಲಿ. ‘ಕಾಡಿಗೆ ಹೋಗಬೇಡಿ’ ಎಂದು ಕರಪತ್ರ ಬರೆದವರು ಕೊಟ್ಟಿಗೆ ನೋಡಿದಂತಿಲ್ಲ. ಕಣ್ಣಿಗೆ ಬೀಳದಷ್ಟು ಸಣ್ಣ ಉಣುಗನ್ನು ತೋರಿಸಿ, ಉಣುಗು ಕಚ್ಚದಂತೆ ತಡೆಯುವ ಡೆಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚುವ ಬಗೆಯನ್ನೂ ಮರಳಿದ ಮೇಲೆ ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕುವ ಕಾರಣವನ್ನೂ ಆಶಾ ಕಾರ್ಯಕರ್ತೆ ಜಗಲಿಯಲ್ಲಿ ಕೂತು ಹೇಳಿದರೆ ನಾಟುತ್ತದೆ. ಅವರಿಗೆ ಈಗಾಗಲೇ ಕೆಲಸದ ಹೊರೆಯಿದೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ತಿಂಗಳುಗಳಿಗೆ ಸರ್ಕಾರ ಪ್ರತ್ಯೇಕ ಭತ್ಯೆ ಕೊಡಲಿ. ಮಾತಿನ ಜೊತೆಗೆ ಎಣ್ಣೆಯ ಬಾಟಲಿಯೂ ನವೆಂಬರ್ ಒಳಗೇ ಮನೆ ತಲುಪಬೇಕು.