ಗಾಡಿ ನಿನ್ನದು, ಸದ್ದು ನಿನ್ನದಲ್ಲ

ಸೈಲೆನ್ಸರು ಎಂಬ ಇಂಗ್ಲಿಷ್ ಪದಕ್ಕೆ ‘ಸುಮ್ಮನಾಗಿಸತಕ್ಕದ್ದು’ ಎಂದು ಅರ್ಥ. ಎಂಜಿನ್ನಿನ ಗದ್ದಲವನ್ನು ಅಡಗಿಸುವದಕ್ಕೆಂದೇ ಹುಟ್ಟಿದ ಈ ಉಪಕರಣವನ್ನು, ಗದ್ದಲವು ಹೆಚ್ಚಾಗಲೆಂದು ಸಾವಿರಗಟ್ಟಲೆ ಹಣ ತೆತ್ತು ಬದಲಾಯಿಸಿಕೊಳ್ಳುವ ವಿಚಿತ್ರ ಕಾಲದಲ್ಲಿ ನಾವಿದ್ದೇವೆ. ಕಾರಖಾನೆಯವರು ಕೂಡಿಸಿಕೊಟ್ಟ ಒಳ್ಳೆಯ ಕೊಳವೆಯನ್ನು ಕಿತ್ತು ಗುಜರಿಗೆ ಹಾಕಿ, ಬಾಯಿಬಿಟ್ಟ ತುತ್ತೂರಿಯಂಥದೊಂದನ್ನು ತಗುಲಿಸಿಕೊಂಡು ಮೆರೆಯುವದೇ ಪೌರುಷವೆಂದು ನಮ್ಮ ತರುಣರು ತಿಳಿದಿರುವರು. ಇದು ಬರಿಯ ಹುಡುಗಾಟಿಕೆಯೆಂದು ನಾವು ಹಿರಿಯರು ನಕ್ಕು ಸುಮ್ಮನಾಗಿದ್ದೇವೆ. ಹೀಗೆ ಸುಮ್ಮನಿರುವದೇ ದೊಡ್ಡ ತಪ್ಪೆಂಬುದನ್ನು ವಾಚಕರ ಮುಂದೆ ಇಡುವದಕ್ಕಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಹೋದ ದೀಪಾವಳಿಗೆ, ಪುಣೆಯಲ್ಲಿ ನೌಕರಿಯಲ್ಲಿರುವ ನನ್ನ ಸೋದರಳಿಯನು ಎರಡೇ ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು ಘೋಣಸಗಿಗೆ ತಂದನು. ಇಂಥ ಕಾರಿಗೆ ‘ಕೂಪೆ’ ಎನ್ನುವರಂತೆ. ಗಾಡಿಯು ನೋಡುವದಕ್ಕೆ ಸೊಗಸಾಗಿಯೇ ಇದ್ದಿತು. ಆದರೆ ಅದು ಸದ್ದಿಲ್ಲದೆ ಓಡುವದೇ ಅವನಿಗೊಂದು ಕೊರತೆಯಾಗಿ ತೋರಿತು. “ಮಾಮಾ, ಇದಕ್ಕೊಂದು ಚಲೋ ಸೈಲೆನ್ಸರ್ ಆರಿಸೂಣು, ಬರ್ರಿ” ಎಂದು ನನ್ನನ್ನು ವಿಜಯಪುರದ ಒಂದು ಅಂಗಡಿಗೆ ಕರೆದೊಯ್ದನು. ಅಂಗಡಿಕಾರನು ಥಳಥಳಿಸುವ ಉಕ್ಕಿನ ಕೊಳವೆಗಳನ್ನು ಸಾಲಾಗಿ ಇಟ್ಟು, “ಇದನ್ನ ಹಾಕಿಸಿದ್ರ ಗಾಡಿ ಹುಲಿ ಆಗ್ತೈತ್ರಿ, ಹದಿನೈದು ಹಾರ್ಸ್‌ಪವರ್ ಹೆಚ್ಚಿಗಿ ಬರ್ತೈತ್ರಿ” ಎಂದನು. “ಅಳತಿ ಮಾಡಿದ ಕಾಗದ ಐತೇನಪಾ?” ಎಂದು ನಾನು ಕೇಳಿದೆನು. “ಕಾಗದ ಯಾಕ್ರಿ ಸಾಹೇಬ್ರ, ಆವಾಜ್ ಕೇಳ್ರಿ!” ಎಂದು ಅವನು ಉತ್ತರಕೊಟ್ಟನು. ಈ ವ್ಯಾಪಾರದ ಮರ್ಮವೆಲ್ಲ ಆ ಒಂದು ಮಾತಿನಲ್ಲಿದೆ. ಶಕ್ತಿಯ ಹೆಸರು ಹೇಳಿ ಸದ್ದನ್ನು ಮಾರುವದು, ಸದ್ದನ್ನೇ ಶಕ್ತಿಯೆಂದು ನಂಬಿಸುವದು!

ನಿಜಸ್ಥಿತಿಯೇನೆಂದು ನೋಡೋಣ. ಎಂಜಿನ್ನಿನೊಳಗೆ ಇಂಧನವು ಉರಿದು ಹೊರಕವಾಟವು ತೆರೆದಾಗಲೆಲ್ಲ ಬಿಸಿಯಾದ ಅನಿಲವು ಒತ್ತಡದಿಂದ ಹೊರನುಗ್ಗುವದು. ಆ ನೂಕಿನ ಅಲೆಯೇ ನಾವು ಕೇಳುವ ಗುಡುಗು. ಅಮೇರಿಕೆಯ ರೀವ್ಸ್ ಸೋದರರು 1897ರಷ್ಟು ಹಿಂದೆಯೇ ಇದನ್ನು ಅಡಗಿಸುವ ಸಾಧನಕ್ಕೆ ಪೇಟೆಂಟು ಪಡೆದರು. ಸೈಲೆನ್ಸರಿನ ಡಬ್ಬಿಯೊಳಗಿನ ಕೋಣೆಗಳೂ ತೂತುಬಿದ್ದ ನಳಿಗೆಗಳೂ ಅಲೆಯಿಂದಲೇ ಅಲೆಯನ್ನು ಕುಗ್ಗಿಸುವವು. ಅದಕ್ಕೂ ಮುಂಚೆ ಇರುವ ಕ್ಯಾಟಲಿಟಿಕ್ ಕನ್ವರ್ಟರೆಂಬ ಭಾಗದಲ್ಲಿ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಎಂಬ ಬೆಲೆಯುಳ್ಳ ಲೋಹಗಳ ಲೇಪವಿದ್ದು, ಅದು ವಿಷಾನಿಲಗಳ ಬಹುಭಾಗವನ್ನು ನಿರುಪದ್ರವಿಯಾಗಿ ಮಾರ್ಪಡಿಸುವದು. ಪೇಟೆಯ ಎಷ್ಟೋ ಕೊಳವೆಗಳನ್ನು ಕೂಡಿಸುವಾಗ ಈ ಭಾಗವನ್ನೇ ತೆಗೆದೊಗೆಯುವರು. ಆಗ ನಾವು ಸದ್ದಿನೊಡನೆ ವಿಷವನ್ನೂ ಕೊಂಡಂತಾಯಿತು. ಇನ್ನು ಶಕ್ತಿಯ ಮಾತು: ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಹಿಂಬದಿಯ ಡಬ್ಬಿಯೊಂದನ್ನೇ ಬದಲಿಸಿದರೆ ದೊರೆಯುವದು ಅತ್ಯಲ್ಪ, ಅದನ್ನು ಯಂತ್ರದ ಮೇಲೆ ಅಳೆಯಬೇಕೇ ಹೊರತು ಸವಾರನ ಬೆನ್ನಿಗೆ ಅದು ತಿಳಿಯುವದಿಲ್ಲ. ಡೆಸಿಬೆಲ್ಲಿನ ಲೆಕ್ಕವಾದರೂ ಅಂಗಡಿಯ ಲೆಕ್ಕದಂತಲ್ಲ. 10 ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆಯು ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು ಆಗುವದು.

“ಗದ್ದಲವಿದ್ದರೆ ಜನರು ಎಚ್ಚತ್ತು ದಾರಿ ಬಿಡುವರು, ಅಪಘಾತವು ತಪ್ಪುವದು” ಎಂದು ಕೆಲವರು ವಾದಿಸುವರು. ಕೊಳವೆಯ ಬಾಯಿಯು ಹಿಂದಕ್ಕಿರುವದು. ಅಪಾಯವು ಹೆಚ್ಚಾಗಿ ಮುಂದಿನಿಂದ ಬರುವದು. ಎಚ್ಚರಿಸುವದಕ್ಕೆ ಹಾರ್ನು ಇದೆ, ತಪ್ಪಿಸಿಕೊಳ್ಳುವದಕ್ಕೆ ಬ್ರೇಕಿದೆ. “ಜಾತ್ರೆಯಲ್ಲಿ ಡೀಜೆ ಕೂಗುವಾಗ, ಕಬ್ಬಿನ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಹೋಗುವಾಗ ನಿಮಗೆ ಕಿವಿ ಇರಲಿಲ್ಲವೇ?” ಎಂದು ಇನ್ನು ಕೆಲವರು ಕೇಳುವರು. ಅಹುದು, ಅದೂ ತಪ್ಪೇ. ಆದರೆ ನೆರೆಯವನು ಹೊಲದ ಬದು ಒತ್ತಿದನೆಂದು ನಾನು ಊರ ಕೆರೆಯನ್ನು ಒತ್ತುವದು ನ್ಯಾಯವಾದೀತೇ? “ಗಾಡಿ ನನ್ನದು, ಹಣ ನನ್ನದು” ಎಂಬುದು ಕೊನೆಯ ವಾದ. ಗಾಡಿಯು ಅವನದೆಂಬುದಕ್ಕೆ ಆರ್‌ಸಿ ಪುಸ್ತಕವು ಸಾಕ್ಷಿ. ಆದರೆ ಕೊಳವೆಯಿಂದ ಹೊರಬಿದ್ದ ಸದ್ದು ಅವನ ಅಂಗಳದಲ್ಲಿ ನಿಲ್ಲುವದಿಲ್ಲ. ಅದು ಬಾಣಂತಿಯ ಕೋಣೆಯನ್ನು, ಪರೀಕ್ಷೆಗೆ ಓದುವ ಹುಡುಗಿಯ ಮೇಜನ್ನು, ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿದ ಕೂಲಿಕಾರನ ಹಾಸಿಗೆಯನ್ನು ಕೇಳದೆ ಹೊಗುವದು.

ಕಾಯಿದೆಯೂ ಇದನ್ನೇ ಹೇಳುವದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಪ್ರತಿಯೊಂದು ಮೋಟಾರು ವಾಹನಕ್ಕೂ ಸದ್ದನ್ನು ತಗ್ಗಿಸುವ ಸೈಲೆನ್ಸರು ಇರಲೇಬೇಕು. 2019ರ ತಿದ್ದುಪಡಿಯ ತರುವಾಯ, ಶಬ್ದದ ಮಿತಿಯನ್ನು ಮೀರಿದ ಗಾಡಿಯನ್ನು ನಡೆಯಿಸಿದವನಿಗೆ ಮೊದಲನೆಯ ಸಲವೇ 10,000 ರೂಪಾಯಿಯ ವರೆಗೆ ದಂಡ ಅಥವಾ ಮೂರು ತಿಂಗಳ ವರೆಗೆ ಸೆರೆ ಅಥವಾ ಇವೆರಡೂ ಆಗಬಹುದು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿಯ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಎಲ್ಲೆಯನ್ನು ಹಾಕಿವೆ. ನೆಮ್ಮದಿಯಿಂದ ಬದುಕುವದು ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2005ರ ಜುಲೈ 18ರಂದು ತೀರ್ಪಿತ್ತಿತು. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಇಂಥ ಕೊಳವೆಗಳನ್ನು ಕಿತ್ತು ರಸ್ತೆಯ ಮೇಲೆ ಹಾಸಿ ರೋಡ್ ರೋಲರನ್ನು ಹಾಯಿಸಿದ್ದಾರೆ. ಜನರು ಚಪ್ಪಾಳೆ ತಟ್ಟಿದರು. ಆದರೆ ಕೊಳವೆಯು ನಜ್ಜುಗುಜ್ಜಾದ ಮಾತ್ರಕ್ಕೆ ಅದನ್ನು ಮಾರಿದ ಅಂಗಡಿಯು ಮುಚ್ಚಲಿಲ್ಲ. ಅದಕ್ಕೆ ಹಣ ಕೊಟ್ಟ ತಂದೆಗೆ ನಾಚಿಕೆಯೂ ಆಗಲಿಲ್ಲ.

ಆ ತಂದೆ ನಾನೇ ಆಗಿದ್ದೆನೆಂದು ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಮಗನು ತನ್ನ ಬುಲೆಟ್ಟಿಗೆ ಇಂಥ ಕೊಳವೆಯನ್ನು ಬೇಡಿದಾಗ, ಹುಡುಗನ ಆಸೆಯೆಂದು ಹಣ ಕೊಟ್ಟೆನು. ಓಣಿಯಲ್ಲಿ ಯಾರೊಬ್ಬರೂ ಚಕಾರವೆತ್ತಲಿಲ್ಲ. ಯಾರಿಗೂ ತೊಂದರೆಯಿಲ್ಲವೆಂದು ನಾನು ನಂಬಿದೆನು. ಎದುರುಮನೆಯ ಹಿರಿಯರು ಎದೆಯ ಬೇನೆಯಿಂದ ಹಾಸಿಗೆ ಹಿಡಿದಿದ್ದು ಆ ವರ್ಷವೇ ತೀರಿಕೊಂಡರು. ದಿನಗಳು ಕಳೆದ ಮೇಲೆ ಅವರ ಮನೆಯಾಕೆ ಯಾವ ಸಿಟ್ಟೂ ಇಲ್ಲದೆ ಹೇಳಿದರು: “ನಿಮ್ಮ ಹುಡುಗನ ಗಾಡಿ ಬಂತಂದ್ರ ಅವರು ಗಾಬರ್ಯಾಗಿ ಎದ್ದು ಕೂಡ್ತಿದ್ರು, ಮಾಸ್ತರ್ರ. ನಿಮಗ ಹೆಂಗ ಹೇಳೂದಂತ ಸುಮ್ಮನ ಇದ್ವಿ.” ಅವರ ಮರಣಕ್ಕೆ ಆ ಸದ್ದೇ ಕಾರಣವೆಂದು ನಾನು ಹೇಳುವದಿಲ್ಲ. ಅವರ ಕೊನೆಯ ರಾತ್ರಿಗಳ ನಿದ್ದೆಯನ್ನು ನನ್ನ ಹಣವು ಕಸಿದುಕೊಂಡಿತೆಂಬುದು ಮಾತ್ರ ಸತ್ಯ. ಊರಿನ ಅರ್ಧ ಮಕ್ಕಳಿಗೆ ಅಕ್ಷರ ಕಲಿಸಿದ ಮಾಸ್ತರನೆಂಬ ದಾಕ್ಷಿಣ್ಯದಿಂದ ನೆರೆಯವರು ಬಾಯಿಕಟ್ಟಿಕೊಂಡಿದ್ದರು. ನಾನು ಅದನ್ನೇ ಸಮ್ಮತಿಯೆಂದು ತಿಳಿದಿದ್ದೆನು. ಅಂದೇ ಮಗನು ಹಳೆಯ ಸೈಲೆನ್ಸರನ್ನು ಮರಳಿ ಹಾಕಿಸಿದನು. ಆದರೆ ಹಿರಿಯರಿಗೆ ಆ ಮೌನವು ತಲುಪಲಿಲ್ಲ.

ಇದನ್ನು ನೆನೆದೇ ನಾನು ಅಳಿಯನನ್ನು ಆ ಅಂಗಡಿಯಿಂದ ಬರಿಗೈಯಲ್ಲಿ ಎಬ್ಬಿಸಿದೆನು. ಅವನಿಗೆ ಸಿಟ್ಟು ಬಂದಿತು. ಮುಂದೆ ಎರಡು ತಿಂಗಳು ಫೋನು ಮಾಡಲಿಲ್ಲ. ಮಾಡದಿದ್ದರೂ ಚಿಂತೆಯಿಲ್ಲವೆಂದೇ ನಾನು ಗಟ್ಟಿಯಾಗಿದ್ದೆನು. ಹಳೆಯ ಕೊಳವೆಯು ತುಕ್ಕುಹಿಡಿದು ಬದಲಿಸುವ ಪ್ರಸಂಗವು ಬಂದರೆ ಆರಿಸುವ ಕ್ರಮವು ಸರಳವಾಗಿದೆ: ಆ ಗಾಡಿಗೆಂದೇ ತಯಾರಕರು ಒಪ್ಪಿದ ಕೊಳವೆಯಾಗಿರಬೇಕು, ಕನ್ವರ್ಟರನ್ನು ಮುಟ್ಟಬಾರದು, ಶಬ್ದದ ಅಳತೆಯು ಕಾಗದದ ಮೇಲೆ ಇರಬೇಕು. ಕಾಗದವಿಲ್ಲದ ಅಂಗಡಿಯ ಮೆಟ್ಟಿಲನ್ನು ಹತ್ತಬಾರದು.

ನಮ್ಮ ಜಿಲ್ಲೆಯ ಗೋಲಗುಮ್ಮಟದ ಪಿಸುಮಾತಿನ ಮೊಗಸಾಲೆಯನ್ನು ನಾವೆಲ್ಲರೂ ಹತ್ತಿದ್ದೇವೆ. ಒಂದು ಗೋಡೆಗೆ ಬಾಯಿಟ್ಟು ಮೆಲ್ಲನೆ ಆಡಿದ ಮಾತು ಎದುರಿನ ಗೋಡೆಗೆ ಕಿವಿಯಿಟ್ಟವನಿಗೆ ಸ್ಪಷ್ಟವಾಗಿ ಕೇಳುವದು. ಅಲ್ಲಿ ಕಿರಿಚುವವರ ಗದ್ದಲದಲ್ಲಿಯಾದರೋ ಯಾರ ಮಾತೂ ಯಾರಿಗೂ ಕೇಳುವದಿಲ್ಲ. ಸುಶಿಕ್ಷಿತ ಗೃಹಸ್ಥರಲ್ಲಿ ನನ್ನ ಬಿನ್ನಹವಿಷ್ಟೇ: ಮಗನು ಸದ್ದಿನ ಕೊಳವೆಗೆ ಹಣ ಬೇಡಿದಾಗ ಕೊಡಬೇಡಿರಿ, ಮತ್ತು ಎದುರುಮನೆಯವರು ಹೇಳಲೆಂದು ಕಾಯದೆ ನೀವೇ ಹೋಗಿ ಕೇಳಿರಿ.