ಚೀಲದ ತುಂಬ ನೋಟು, ಸಭಾಂಗಣದ ತುಂಬ ನಗು

ರಾಜ್ಯೋತ್ಸವದ ದಿನದ ಮಕ್ಕಳ ಪ್ರಹಸನದ ಬಗ್ಗೆ ಕುವೈತಿನ ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನಡೆದ ಜಗಳ ಈಗ ಎಲ್ಲ ಸದಸ್ಯರಿಗೂ ಗೊತ್ತು. ವಾಟ್ಸಾಪ್ ಗುಂಪುಗಳಲ್ಲಿ ಅದಕ್ಕೆ ರೆಕ್ಕೆಪುಕ್ಕವೂ ಬಂದಿದೆ. ಆದ್ದರಿಂದ ಮುಚ್ಚುಮರೆ ಮಾಡದೆ ಇಲ್ಲೇ ಬರೆದುಬಿಡುತ್ತೇನೆ.

ಆ ಪ್ರಹಸನವನ್ನು ನೋಡದವರಿಗಾಗಿ ಹೇಳುತ್ತೇನೆ. ಹತ್ತನೇ ತರಗತಿಯ ಹುಡುಗನೊಬ್ಬ ಗೋಣಿಚೀಲದ ತುಂಬ ಬಣ್ಣದ ಕಾಗದ ತುಂಬಿಕೊಂಡು ವೇದಿಕೆಗೆ ಬರುತ್ತಾನೆ. ಅವನು ಲೆಬನಾನಿನವನಂತೆ. ಬಕಾಲದ ಅಂಗಡಿಯವನು ಚೀಲವನ್ನು ತಕ್ಕಡಿಗಿಟ್ಟು ತೂಗಿ, ತಲೆಯಾಡಿಸಿ, ಅರ್ಧ ಖುಬ್ಬೂಸ್ ರೊಟ್ಟಿ ಹರಿದು ಅವನ ಕೈಗೆ ಹಾಕುತ್ತಾನೆ. ಸಭಾಂಗಣವೆಲ್ಲ ಬಿದ್ದು ಬಿದ್ದು ನಕ್ಕಿತು. ಧ್ವನಿವ್ಯವಸ್ಥೆ ನೋಡಿಕೊಳ್ಳಲು ಬಾಡಿಗೆಗೆ ಬಂದಿದ್ದವರು ಬೈರೂತಿನವರು. ಅವರಿಗೆ ಕನ್ನಡ ಬಾರದು. ಆದರೆ ಊರಿನ ಹೆಸರು ಕೇಳಿಸಿತು, ಚೀಲ ಕಾಣಿಸಿತು. ನನ್ನಿಂದ ನಾಲ್ಕು ಅಡಿ ದೂರದಲ್ಲಿ ಕೂತಿದ್ದ ಅವರು ಪ್ರಹಸನ ಮುಗಿಯುವವರೆಗೂ ವೇದಿಕೆಯತ್ತ ಮತ್ತೆ ತಲೆ ಎತ್ತಲಿಲ್ಲ.

ಮರುವಾರದ ಸಭೆಯಲ್ಲಿ ನಾನು ಈ ಮಾತು ಎತ್ತಿದಾಗ ಬಂದ ಉತ್ತರ ಎರಡು. ಮಕ್ಕಳು ತಾವೇ ಬರೆದು ಆಡಿದ್ದು, ಬೆನ್ನು ತಟ್ಟಬೇಕೇ ಹೊರತು ಬೈಯಬಾರದು ಎಂಬುದು ಒಂದು. ಅರಬರ ರಾಜಕೀಯ ನಮಗ್ಯಾಕೆ, ನಾವು ದುಡಿಯಲು ಬಂದವರು ಎಂಬುದು ಇನ್ನೊಂದು. ಇದೇ ಎರಡನೆಯ ಕಾರಣ ಕೊಟ್ಟು, ನಮ್ಮ ಪತ್ರಿಕೆಯ ಈ ಸಂಚಿಕೆಯಲ್ಲಿ ಹಣದ ಬೆಲೆ ಕುಸಿಯುವ ವಿಷಯಕ್ಕಾಗಿ ಮೀಸಲಿಟ್ಟ ಎಂಟು ಪುಟಗಳನ್ನು ತೆಗೆದು ಜಾಹೀರಾತು ಹಾಕಬೇಕೆಂದೂ ಒತ್ತಾಯ ಬಂತು. ನಾನು ಒಪ್ಪಲಿಲ್ಲ. ಆ ಪುಟಗಳಲ್ಲಿ ಯಾವ ಸರ್ಕಾರದ ಪರವೂ ಇಲ್ಲ, ವಿರೋಧವೂ ಇಲ್ಲ. ಬಡಪಾಯಿ ಸಂಬಳದಾರನ ಗಂಟು ಹೇಗೆ ಕರಗುತ್ತದೆ ಎಂಬುದಷ್ಟೇ ಇದೆ.

ಲೆಬನಾನಿನ ವಿಷಯವನ್ನೇ ತೆಗೆದುಕೊಳ್ಳಿ. ಹದಿನೈದು ವರ್ಷಗಳ ಅಂತರ್ಯುದ್ಧ 1990ರಲ್ಲಿ ಮುಗಿಯಿತು. 1997ರ ಕೊನೆಯಿಂದ ಒಂದು ಡಾಲರಿಗೆ 1,507.5 ಲೀರಾ ಎಂದು ದರ ಕಟ್ಟಿಹಾಕಿದರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಅಲುಗಲಿಲ್ಲ. ಅಂಗಡಿಯಲ್ಲಿ ಡಾಲರ್ ಕೊಟ್ಟು ಲೀರಾ ಚಿಲ್ಲರೆ ಪಡೆಯುವುದು ಅಲ್ಲಿನವರಿಗೆ ಮಾಮೂಲಾಗಿತ್ತು. ಆದರೆ ಆ ದೇಶ ರಫ್ತು ಮಾಡುವುದು ಕಡಿಮೆ, ಆಮದು ಮಾಡುವುದು ವಿಪರೀತ. ದರವನ್ನು ಹಿಡಿದಿಡಲು ಡಾಲರ್ ಬರುತ್ತಲೇ ಇರಬೇಕು. ಅದಕ್ಕಾಗಿ ಬ್ಯಾಂಕುಗಳು ಬೇರೆಲ್ಲೂ ಸಿಗದ ಬಡ್ಡಿಯ ಆಸೆ ತೋರಿಸಿದವು. ಕೊಲ್ಲಿಯಲ್ಲಿ, ಆಫ್ರಿಕಾದಲ್ಲಿ ದುಡಿಯುವ ಲೆಬನಾನಿಗಳು ನಂಬಿ ಹಣ ಕಳಿಸಿದರು. ಬ್ಯಾಂಕುಗಳು ಆ ಡಾಲರನ್ನು ಕೇಂದ್ರ ಬ್ಯಾಂಕಿಗೆ ಕೊಟ್ಟವು. ಹಳೇ ಠೇವಣಿಯ ಬಡ್ಡಿಗೆ ಹೊಸ ಠೇವಣಿಯ ಹಣ ಹೋಗುತ್ತಿತ್ತು. 1993ರಿಂದ 2023ರವರೆಗೆ, ಮೂವತ್ತು ವರ್ಷ, ರಿಯಾದ್ ಸಲಾಮೆ ಒಬ್ಬರೇ ಗವರ್ನರ್. ಒಂದು ಕಾಲಕ್ಕೆ ಹೊಗಳಿಕೆಯ ಸುರಿಮಳೆಯಲ್ಲಿದ್ದ ಅವರನ್ನು 2024ರಲ್ಲಿ ಹಣ ದುರುಪಯೋಗದ ಆರೋಪದ ಮೇಲೆ ಬಂಧಿಸಿದರು. ಅವರು ಆರೋಪವನ್ನು ಅಲ್ಲಗಳೆದಿದ್ದಾರೆ.

2019ರ ಅಕ್ಟೋಬರಿನಲ್ಲಿ ವಾಟ್ಸಾಪ್ ಕರೆಗೂ ತೆರಿಗೆ ಹಾಕುವ ಮಾತು ಬಂದಾಗ ಜನ ಬೀದಿಗಿಳಿದರು. ಎರಡು ವಾರ ಬ್ಯಾಂಕಿನ ಬಾಗಿಲು ಮುಚ್ಚಿತು. ಮತ್ತೆ ತೆರೆದಾಗ ಖಾತೆಯಲ್ಲಿ ಡಾಲರ್ ಅಂಕಿಗಳೇನೋ ಇದ್ದವು, ಕೈಗೆ ಡಾಲರ್ ಸಿಗಲಿಲ್ಲ. 2020ರ ಮಾರ್ಚಿನಲ್ಲಿ ದೇಶ ಮೊದಲ ಬಾರಿಗೆ ತನ್ನ ವಿದೇಶಿ ಸಾಲದ ಕಂತು ತಪ್ಪಿಸಿತು. ಆಗಸ್ಟ್ 4ರಂದು ಬಂದರಿನ ಸ್ಫೋಟದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಇಷ್ಟಾದರೂ ರಾಜಕಾರಣಿಗಳ ಕಚ್ಚಾಟ ನಿಲ್ಲಲಿಲ್ಲ. ನಷ್ಟ ಯಾರ ತಲೆಗೆ ಎಂಬುದನ್ನೇ ವರ್ಷಗಟ್ಟಲೆ ತೀರ್ಮಾನಿಸಲಿಲ್ಲ, 2022ರ ಅಕ್ಟೋಬರಿನಿಂದ 2025ರ ಜನವರಿಯವರೆಗೆ ದೇಶಕ್ಕೆ ಅಧ್ಯಕ್ಷರೇ ಇರಲಿಲ್ಲ. ಲೀರಾ ಒಂದು ಲಕ್ಷ ದಾಟಿ, ಕಡೆಗೆ ಡಾಲರಿಗೆ 89,500ರ ಸುಮಾರಿಗೆ ನಿಂತಿತು. ತಿಂಗಳಿಗೆ 15 ಲಕ್ಷ ಲೀರಾ ಸಂಬಳವಿದ್ದ ಮೇಷ್ಟರಿಗೆ ಮೊದಲು ಅದು ಸಾವಿರ ಡಾಲರಿನಷ್ಟು. ಹೊಸ ದರದಲ್ಲಿ ಹದಿನೇಳು ಡಾಲರೂ ಇಲ್ಲ.

ನನ್ನ ಆಫೀಸಿನ ಅಕೌಂಟೆಂಟ್ ಲೆಬನಾನಿನ ತ್ರಿಪೋಲಿ ಕಡೆಯವರು. ಅವರ ತಂದೆ ಇಲ್ಲೇ ಕುವೈತಿನಲ್ಲಿ ದುಡಿದು, ನಿವೃತ್ತಿಯಲ್ಲಿ ಬಂದ ಹಣವನ್ನೆಲ್ಲ ಊರಿನ ಬ್ಯಾಂಕಿನಲ್ಲಿಟ್ಟು ಹೋದವರು. ನಾವು ನೀವು ಮಾಡುವುದೂ ಇದನ್ನೇ ಅಲ್ಲವೇ? 2021ರ ಸುತ್ತೋಲೆಯ ಪ್ರಕಾರ ಅವರಿಗೆ ತಿಂಗಳಿಗೆ 400 ಡಾಲರ್ ನಗದು ಸಿಗತೊಡಗಿತು. ಅದೂ ಅವರದೇ ಹಣ. ಬಿ.ಪಿ. ಮಾತ್ರೆ ಅಲ್ಲಿ ಸಿಗದೆ ಮಗ ಇಲ್ಲಿಂದ ಕಳಿಸುತ್ತಿದ್ದರು. ಊರಿಗೆ ಹೊರಟವರ ಕೈಗೆ ಆ ಪೊಟ್ಟಣ ಕೊಡಲು ವಿಮಾನ ನಿಲ್ದಾಣದವರೆಗೆ ಹೋಗಿ ಕಾಯುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಬೈರೂತಿನ ಯುವತಿಯೊಬ್ಬಳು ತಂಗಿಯ ಕ್ಯಾನ್ಸರ್ ಚಿಕಿತ್ಸೆಗಾಗಿ ಆಟದ ಪಿಸ್ತೂಲು ಹಿಡಿದು ಬ್ಯಾಂಕಿಗೆ ನುಗ್ಗಿ ಸ್ವಂತ ಠೇವಣಿಯನ್ನೇ ತೆಗೆದುಕೊಂಡು ಹೋದಾಗ, ಆ ದೃಶ್ಯ ನಮ್ಮ ಮೊಬೈಲುಗಳಿಗೂ ಬಂದಿತ್ತು. ನಮ್ಮ ಗುಂಪಿನಲ್ಲಿ ಅದರ ಕೆಳಗೆ ಬಿದ್ದದ್ದು ನಗುವ ಮುಖದ ಚಿತ್ರಗಳು. ಮಕ್ಕಳು ಪ್ರಹಸನ ಬರೆಯುವುದನ್ನು ಎಲ್ಲಿಂದ ಕಲಿತರೆಂದು ಬೇರೆ ಕೇಳಬೇಕಾಗಿಲ್ಲ.

ಲೆಬನಾನ್ ಒಂದೇ ಅಲ್ಲ. ಯೆಮೆನ್ ನೋಡಿ. 2016ರಲ್ಲಿ ಕೇಂದ್ರ ಬ್ಯಾಂಕನ್ನು ಸನಾದಿಂದ ಏಡನ್‌ಗೆ ಸ್ಥಳಾಂತರಿಸಿದರು. ಏಡನ್ ಸರ್ಕಾರ ಮುದ್ರಿಸಿದ ಹೊಸ ನೋಟುಗಳನ್ನು 2019ರ ಕೊನೆಯಲ್ಲಿ ಸನಾ ಹಿಡಿದಿದ್ದ ಹೌತಿ ಬಂಡುಕೋರರು ತಮ್ಮ ಪ್ರದೇಶದಲ್ಲಿ ನಿಷೇಧಿಸಿದರು. ಅಂದಿನಿಂದ ಒಂದೇ ದೇಶ, ಒಂದೇ ಹೆಸರಿನ ರಿಯಾಲ್, ಎರಡು ದರ. ಒಂದೂರಿನಲ್ಲಿ ದುಡಿದು ಇನ್ನೊಂದೂರಿನ ಹೆಂಡತಿಗೆ ಕಳಿಸಬೇಕಾದರೆ ಸ್ವದೇಶದೊಳಗೇ ಹಣ ವಿನಿಮಯ ಮಾಡಬೇಕು. ಸುಡಾನಿನಲ್ಲೂ ಹಾಗೆಯೇ ಆಯಿತು. 2024ರ ಕೊನೆಯಲ್ಲಿ ಹೊಸ ನೋಟು ಬದಲಾವಣೆ ಸೈನ್ಯದ ಹಿಡಿತದಲ್ಲಿದ್ದ ಕಡೆ ಮಾತ್ರ ನಡೆಯಿತು, ಎದುರಾಳಿ ಪಡೆಯ ಕಡೆ ಇದ್ದವರ ಕೈಯಲ್ಲಿ ಹಳೇ ನೋಟೇ ಉಳಿಯಿತು. ನೋಟಿನ ಮೇಲೂ ಗಡಿ ಎಳೆದರು. ನಮ್ಮ ಕಟ್ಟಡದ ಹಾರಿಸ್, ಅಂದರೆ ಕಾವಲುಗಾರ, ಸುಡಾನಿನವನು. ಅವನನ್ನು ಒಮ್ಮೆ ಕೇಳಿ ನೋಡಿ.

ಇನ್ನು, ನಮಗ್ಯಾಕೆ ಎಂದವರಿಗೆ. 1961ರವರೆಗೆ ಈ ಕುವೈತಿನಲ್ಲಿ ನಡೆಯುತ್ತಿದ್ದದ್ದು ನಮ್ಮದೇ ರೂಪಾಯಿ. ರಿಸರ್ವ್ ಬ್ಯಾಂಕ್ 1959ರಲ್ಲಿ ಕೊಲ್ಲಿಗೆಂದೇ ಪ್ರತ್ಯೇಕ ನೋಟು ಹೊರಡಿಸಿತ್ತು. ದಿನಾರ್ ಬಂದಾಗ ಅದರ ಬೆಲೆ ಹದಿಮೂರು ರೂಪಾಯಿ ಚಿಲ್ಲರೆ. ಈಗ 280 ದಾಟಿದೆ. ರೂಪಾಯಿ ಇಳಿದ ದಿನ ಎಕ್ಸ್‌ಚೇಂಜ್ ಮುಂದೆ ನಮ್ಮವರ ಸಾಲು ಬೆಳೆಯುತ್ತದೆ, ‘ಒಳ್ಳೇ ರೇಟು’ ಎಂದು ಒಬ್ಬರಿಗೊಬ್ಬರು ಫೋನು ಮಾಡುತ್ತೇವೆ. ಊರಿನಲ್ಲಿ ಅಮ್ಮ ಅದೇ ರೂಪಾಯಿಯಲ್ಲಿ ಎಣ್ಣೆ, ಗ್ಯಾಸು ಕೊಳ್ಳುತ್ತಾಳೆ ಎಂಬುದು ಆ ಹೊತ್ತಿಗೆ ನೆನಪಿರುವುದಿಲ್ಲ.

ಇದಕ್ಕಿಂತ ಹೆಚ್ಚಾಗಿ ನನ್ನ ಹೊಟ್ಟೆ ಉರಿಸುವುದು 1990ನ್ನು ನಾವು ಮರೆತಿರುವುದು. ಆಗಸ್ಟ್ 2ರಂದು ಇರಾಕಿನ ಸೈನ್ಯ ಈ ಊರಿಗೆ ನುಗ್ಗಿತು. ಜಗತ್ತಿನಲ್ಲೇ ಹೆಚ್ಚು ಬೆಲೆಯ ದಿನಾರನ್ನು ಇರಾಕಿ ದಿನಾರಿಗೆ ಸಮ ಎಂದು ಸಾರಿದರು, ಕೆಲವು ವಾರಗಳಲ್ಲಿ ಚಲಾವಣೆಯಿಂದಲೇ ಕಿತ್ತುಹಾಕಿದರು. ನಿನ್ನೆಯವರೆಗೆ ಸಾಲ್ಮಿಯಾದಲ್ಲಿ ಸುಖವಾಗಿದ್ದ ನಮ್ಮ ಮಂಗಳೂರು, ಉಡುಪಿ, ಭಟ್ಕಳದವರು ಬಾಗ್ದಾದ್ ದಾರಿಯಾಗಿ ಜೋರ್ಡಾನಿನ ಮರಳುಗಾಡಿಗೆ ಬಂದು ಕೂತರು. ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನಗಳು ಎರಡು ತಿಂಗಳು ಒಂದೇ ಸಮನೆ ಹಾರಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಮನೆ ಸೇರಿಸಿದವು. ನಮ್ಮ ಸಂಘದ ಹಿರಿಯರೊಬ್ಬರು ಕಾರಿನ ಕೀಲಿ ಕೊಟ್ಟು ಬಸ್ಸಿನಲ್ಲಿ ನಾಲ್ಕು ಸೀಟು ಪಡೆದವರು. ಮಗುವಿನ ಲಂಗೋಟಿಯ ಮಡಿಕೆಯಲ್ಲಿ ಅವರ ಪತ್ನಿ ಹೊಲಿದು ತಂದಿದ್ದ ದಿನಾರ್ ನೋಟುಗಳನ್ನು ಊರಿನಲ್ಲಿ ಯಾರೂ ಮುಟ್ಟಲಿಲ್ಲ. ಬಿಡುಗಡೆಯಾದ ಮೇಲೆ 1991ರ ಮಾರ್ಚಿನಲ್ಲಿ ಕುವೈತ್ ಬೇರೆ ಬಣ್ಣದ ಹೊಸ ನೋಟು ತಂದಿತು, ಲೂಟಿಯಾದ ಸರಣಿಯ ನೋಟುಗಳನ್ನು ರದ್ದು ಮಾಡಿತು. ಆ ಹಿರಿಯರು ಅಡುಗೆಮನೆಯ ದೀಪದಡಿ ಕೂತು ಒಂದೊಂದು ನೋಟಿನ ನಂಬರನ್ನೂ ತಾಳೆ ನೋಡಿದರಂತೆ. ಆ ರಾತ್ರಿಯ ವಿಷಯ ಹೇಳುವಾಗ ಇಂದಿಗೂ ಅವರ ದನಿ ನಡುಗುತ್ತದೆ.

ಅವರ ಮೊಮ್ಮಗ ಮೊನ್ನೆಯ ಪ್ರಹಸನದಲ್ಲಿದ್ದ. ಹುಡುಗನದು ತಪ್ಪಲ್ಲ. ಅವನಿಗೆ ಅಜ್ಜನ ಕಥೆ ಯಾರೂ ಹೇಳಿಲ್ಲ. ಮನೆಯಲ್ಲಿ ಕೇಳಿಸುವುದು ರೇಟು, ಕಾರಿನ ಮಾಡೆಲು, ಬೆಂಗಳೂರಿನ ಸೈಟು. ಕನ್ನಡ ಕಲಿಸಿ ಎಂದರೆ ತಿಂಗಳ ನಾಲ್ಕು ಶುಕ್ರವಾರಕ್ಕೆ ಇಬ್ಬರು ಬರುತ್ತಾರೆ. ಕನ್ನಡದಲ್ಲಿ ಹೇಳಲು ನಮಗೊಂದು ಸ್ವಂತ ಚರಿತ್ರೆ ಇಲ್ಲಿಯೇ ಇದ್ದರೂ ಅದನ್ನು ಮಕ್ಕಳಿಗೆ ಕೊಡದೆ, ಊರಿನ ಸಿನಿಮಾ ಹಾಡಿಗೆ ಕುಣಿಸಿ ಸಂಸ್ಕೃತಿ ಉಳಿಸಿದೆವು ಎಂದು ಫೋಟೊ ಹಾಕುತ್ತೇವೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತಿದೆ, ಅದನ್ನು ಒರೆಸಿ ಸಂಪಾದಕೀಯವನ್ನು ನಯ ಮಾಡುವ ಮನಸ್ಸಿಲ್ಲ.

ಆ ಎಂಟು ಪುಟಗಳು ಈ ಸಂಚಿಕೆಯಲ್ಲಿವೆ. ಅಮ್ಮಾನ್ ದಾರಿಯಲ್ಲಿ ಹೋಗಿ ಮತ್ತೆ ಬಂದ ನಮ್ಮ ಹಿರಿಯರು ಮೊದಲ ಬಾರಿಗೆ ಅಲ್ಲಿ ಮಾತಾಡಿದ್ದಾರೆ. ಇನ್ನೂ ಹಲವರು ಉಳಿದಿದ್ದಾರೆ, ವಯಸ್ಸಾಗಿದೆ, ಕೆಲವರು ಖಾಯಂ ಆಗಿ ಊರು ಸೇರಿದ್ದಾರೆ. ಅವರಲ್ಲಿ ನಿಮ್ಮ ಅಪ್ಪ, ಅಮ್ಮ, ಮಾವ, ಚಿಕ್ಕಪ್ಪ ಯಾರಿದ್ದರೂ, ಈ ಬೇಸಿಗೆ ರಜೆಗೆ ಹೋದಾಗ ಮಕ್ಕಳನ್ನೇ ಎದುರು ಕೂರಿಸಿ, ಮೊಬೈಲಿನಲ್ಲಿ ಅವರ ಮಾತು ಹಿಡಿದು ತನ್ನಿ. ಹಳೇ ಪಾಸ್‌ಪೋರ್ಟು, ಬಸ್ಸಿನ ಚೀಟಿ, ರದ್ದಾದ ನೋಟು ಏನಿದ್ದರೂ ಫೋಟೊ ತೆಗೆದು ಕಾರ್ಯದರ್ಶಿಗಳಿಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಕಾದಿರಿಸಿದ್ದೇನೆ.